10 ಬಾರ್‌ನಲ್ಲಿ ಪಾಸು, 0.3 ಬಾರ್‌ನಲ್ಲಿ ಫೇಲು: ಒಂದು ವಾಚಿನ ನೀರು ಪರೀಕ್ಷೆ

ಮೇಜಿನ ಮೇಲಿರುವುದು ಉಕ್ಕಿನ ಕೇಸಿನ ಆಟೋಮ್ಯಾಟಿಕ್ ವಾಚು. ತಿರುಗಿಸಿ ಬಿಗಿಯುವ ಬ್ಯಾಕ್ ಕವರು, ಸಫೈರ್ ಗ್ಲಾಸು, ಸ್ಕ್ರೂ ಕ್ರೌನು (ತಿರುಗಿಸಿ ಬಿಗಿಯುವ ಚಾವಿಯ ಗುಂಡಿ). ಬೆನ್ನ ಮೇಲೆ 10 ಬಾರ್ ಎಂದು, ಅಂದರೆ ತಡೆಯಬಲ್ಲ ನೀರಿನ ಒತ್ತಡವನ್ನು, ಕೆತ್ತಿದೆ. ದೂರು ಇಷ್ಟೇ: ಬಿಸಿಲಲ್ಲಿ ಓಡಾಡಿ ಏಸಿ ಕೋಣೆಗೆ ಬಂದಾಗ ಗ್ಲಾಸಿನ ಒಳಮೈಗೆ ತೆಳ್ಳಗೆ ಮಂಜು ಕಟ್ಟುತ್ತದೆ, ಸ್ವಲ್ಪ ಹೊತ್ತಿಗೆ ಆರಿಹೋಗುತ್ತದೆ. ಜೊತೆಗೊಂದು ಪರೀಕ್ಷೆಯ ಚೀಟಿಯೂ ಇದೆ: 10 ಬಾರ್ ಒತ್ತಡದಲ್ಲಿ ಪಾಸು. ಮಂಜೂ ನಿಜ, ಚೀಟಿಯೂ ನಿಜ. ಹೆಚ್ಚು ಒತ್ತಡದಲ್ಲಿ ಗಟ್ಟಿಯಾಗಿ ನಿಲ್ಲುವ ವಾಚು ಕಡಿಮೆ ಒತ್ತಡದಲ್ಲಿ ಸೋರಬಹುದು, ಅದನ್ನು ಹುಡುಕುವವರು ಮಾತ್ರ ಕಡಿಮೆ. ಈ ವಾಚಿನ ಕೆಲಸ ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಬಿಚ್ಚುವ ಮೊದಲು

ವಾಚು ಕೈಗೆ ಬಂದ ತಕ್ಷಣ ಬಿಚ್ಚಬಾರದು. ಬ್ಯಾಕ್ ಕವರು ಒಮ್ಮೆ ತಿರುಗಿತೆಂದರೆ ಹಳೆಯ ಗ್ಯಾಸ್ಕೆಟ್, ಅಂದರೆ ನೀರು ತಡೆಯುವ ರಬ್ಬರು ರಿಂಗು, ಜಾಗ ಬದಲಿಸುತ್ತದೆ. ಸೋರಿಕೆ ಎಲ್ಲಿತ್ತು, ಎಷ್ಟಿತ್ತು ಎಂಬುದು ಮತ್ತೆ ಗೊತ್ತಾಗುವುದಿಲ್ಲ. ನೀರಿಗೆ ಹಾಕಿ ನೋಡುವುದಂತೂ ಬೇಡವೇ ಬೇಡ, ಒಳಗೆ ಮೂವ್‌ಮೆಂಟ್, ಅಂದರೆ ವಾಚು ನಡೆಸುವ ಯಂತ್ರ, ಇದೆ. ಮೊದಲು ಒಣ ಪರೀಕ್ಷೆ, ಅಂದರೆ ಗಾಳಿಯಲ್ಲೇ ನಡೆಯುವ ಡ್ರೈ ಟೆಸ್ಟ್.

ಡ್ರೈ ಟೆಸ್ಟರಿನ ಕೋಣೆಯೊಳಗೆ ವಾಚನ್ನು ಮುಖ ಮೇಲಾಗಿ ಇಟ್ಟರೆ ಒಂದು ಸೂಕ್ಷ್ಮ ಮೊನೆ ಗ್ಲಾಸಿನ ನಡುವೆ ಬಂದು ತಾಗುತ್ತದೆ. ಕೋಣೆಯ ಗಾಳಿ ಹೀರಿ ಒತ್ತಡ ಇಳಿಸಿದಾಗ ಒಳಗಿನ ಗಾಳಿ ಕೇಸನ್ನು ಹೊರಕ್ಕೆ ಉಬ್ಬಿಸುತ್ತದೆ. ಸೀಲು ಸರಿಯಿದ್ದರೆ ಉಬ್ಬು ಹಾಗೆಯೇ ನಿಲ್ಲುತ್ತದೆ. ಸೋರುತ್ತಿದ್ದರೆ ಒಳಗಾಳಿ ಹೊರಬಂದು ಗ್ಲಾಸು ಮೆಲ್ಲಗೆ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಒತ್ತಡ ಏರಿಸಿದಾಗ ಇದೇ ಆಟ ತಿರುಗುಮುರುಗು. ಅಳತೆ ಮೈಕ್ರಾನ್‌ಗಳಲ್ಲಿ. 30 ಮಿ.ಮೀ. ವ್ಯಾಸದ, 1.2 ಮಿ.ಮೀ. ದಪ್ಪದ ಮಿನರಲ್ ಗ್ಲಾಸು −0.7 ಬಾರ್‌ಗೆ (ಹೊರಗಿನ ಗಾಳಿಗಿಂತ ಅಷ್ಟು ಕಡಿಮೆ ಒತ್ತಡಕ್ಕೆ) ಸುಮಾರು 20 ಮೈಕ್ರಾನ್ ಉಬ್ಬಿದರೆ, ಅಷ್ಟೇ ಅಗಲದ 1.5 ಮಿ.ಮೀ. ಸಫೈರ್ ಉಬ್ಬುವುದು ಎರಡು ಮೈಕ್ರಾನ್ ಆಸುಪಾಸು. ಹಾಗಾಗಿ ಸಫೈರ್ ವಾಚಿನಲ್ಲಿ ಸಣ್ಣ ಏರುಪೇರೂ ದೊಡ್ಡದಾಗಿ ಕಾಣುತ್ತದೆ. ಕೈಯಿಂದ ಬಿಚ್ಚಿಕೊಟ್ಟ ಬಿಸಿ ವಾಚನ್ನು ಹಾಗೇ ಒಳಗಿಟ್ಟರೆ ಲೋಹ ತಣಿಯುತ್ತಾ ಕುಗ್ಗಿ, ಇಲ್ಲದ ಸೋರಿಕೆ ತೋರಿಸಿಬಿಡುತ್ತದೆ. ಪಟ್ಟಿ ಬಿಚ್ಚಿ, ಕ್ರೌನ್ ಬಿಗಿದು, ಅರ್ಧ ಗಂಟೆ ಕೋಣೆಯ ತಾಪಕ್ಕೆ ಬರಲು ಬಿಟ್ಟ ಮೇಲೆಯೇ ಪರೀಕ್ಷೆ.

ಮೂರು ಹಂತ ನಡೆಸಿದೆ. −0.7 ಬಾರ್‌ನಲ್ಲಿ ಗ್ಲಾಸು ಏರಿತು, ಏರಿದ್ದು ನಿಲ್ಲದೆ ಇಳಿಯಿತು: ಫೇಲು. +0.3 ಬಾರ್‌ನಲ್ಲಿ ತಗ್ಗಿ ಮತ್ತೆ ಮೇಲೆ ಬಂತು: ಇದೂ ಫೇಲು. +10 ಬಾರ್‌ನಲ್ಲಿ ತಗ್ಗಿದ್ದು ತಗ್ಗಿದಲ್ಲೇ ನಿಂತಿತು: ಪಾಸು. ಚೀಟಿ ಬರೆದವರು ಸುಳ್ಳು ಹೇಳಿಲ್ಲ, ಕೊನೆಯದನ್ನು ಮಾತ್ರ ಮಾಡಿದ್ದಾರೆ.

ಕಾರಣ ಲೆಕ್ಕದಲ್ಲೇ ಇದೆ. 34 ಮಿ.ಮೀ. ವ್ಯಾಸದ ಬ್ಯಾಕ್ ಕವರಿನ ಮೇಲೆ 10 ಬಾರ್ ಒತ್ತಡ ಬಿದ್ದರೆ ಅದು ಸುಮಾರು 90 ಕಿಲೋ ಭಾರ ಹೇರಿದ ಹಾಗೆ. ಅಷ್ಟು ಭಾರಕ್ಕೆ ತಿರುಪಿನ ಎಳೆಗಳಲ್ಲಿರುವ ಸಡಿಲವೆಲ್ಲ ಮುಗಿದು, ಕವರು ಒಳಕ್ಕೆ ಸರಿದು, ಸತ್ತ ಗ್ಯಾಸ್ಕೆಟ್ ಕೂಡ ಅಮುಕಿಸಿಕೊಂಡು ಸೀಲಾಗುತ್ತದೆ. ಗ್ಲಾಸಿನದೂ ಅದೇ ಕತೆ. ಕ್ರೌನಿನೊಳಗಿನ ಓ-ರಿಂಗು ಸಹ ಒತ್ತಡ ಬಂದಾಗ ತನ್ನ ಗಾಡಿಯ (ರಿಂಗು ಕೂರುವ ತೋಡಿನ) ಗೋಡೆಗೆ ಒತ್ತಿಕೊಂಡು ಇನ್ನಷ್ಟು ಬಿಗಿಯಾಗುತ್ತದೆ. 0.3 ಬಾರ್‌ನಲ್ಲಿ, ಅಂದರೆ ಮೂರು ಮೀಟರ್ ನೀರಿನಲ್ಲಿ, ಈ ಸಹಾಯ ಇಲ್ಲ. ಅಲ್ಲಿ ಕೆಲಸ ಮಾಡಬೇಕಾದ್ದು ಗ್ಯಾಸ್ಕೆಟಿನ ಸ್ವಂತ ಬಿಗುವು ಮಾತ್ರ. ವಾಚಿನ ಜೀವನವೆಲ್ಲ ಕಳೆಯುವುದೂ ಇದೇ ಒತ್ತಡದಲ್ಲಿ: ಕೈ ತೊಳೆಯುವುದು, ಮಳೆ, ಈಜುಕೊಳ.

ಡೈವಿಂಗ್ ವಾಚುಗಳ ಐಎಸ್‌ಒ 6425 ಮಾನದಂಡ ಬರೆದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದರ ಪ್ರಕಾರ ನಮೂದಿಸಿದ ಆಳಕ್ಕಿಂತ ಶೇಕಡಾ 25 ಹೆಚ್ಚು ಒತ್ತಡದಲ್ಲಿ ಎರಡು ಗಂಟೆ ಇಟ್ಟ ನಂತರ ಒತ್ತಡವನ್ನು 0.3 ಬಾರ್‌ಗೆ ಇಳಿಸಿ ಮತ್ತೊಂದು ಗಂಟೆ ಇಡಬೇಕು. ಆ ಎರಡನೆಯ ಅರ್ಧವನ್ನು ಬಹಳ ಜನ ಓದುವುದೇ ಇಲ್ಲ.

ಡ್ರೈ ಟೆಸ್ಟರಿಗೂ ಎರಡು ಕುರುಡು ಜಾಗಗಳಿವೆ. ಸೋರಿಕೆ ತುಂಬ ದೊಡ್ಡದಿದ್ದರೆ, ಉದಾಹರಣೆಗೆ ಗ್ಯಾಸ್ಕೆಟೇ ಇಲ್ಲದಿದ್ದರೆ, ಒಳಗೂ ಹೊರಗೂ ಒತ್ತಡ ಕ್ಷಣದಲ್ಲಿ ಸಮವಾಗಿ ಗ್ಲಾಸು ಅಲುಗುವುದೇ ಇಲ್ಲ. ಅಲುಗದಿರುವುದನ್ನು ಪಾಸು ಎಂದುಕೊಂಡರೆ ಮುಗಿಯಿತು. ಎರಡನೆಯದು, ದಪ್ಪ ಗ್ಲಾಸು ದಪ್ಪ ಕವರಿನ ಡೈವಿಂಗ್ ವಾಚುಗಳು. ಇವು ಕಡಿಮೆ ಒತ್ತಡಕ್ಕೆ ಬಾಗುವುದೇ ಅತ್ಯಲ್ಪ. ಅಂಥವನ್ನು ಹೆಚ್ಚು ಹೊತ್ತು ಇಡಬೇಕು. ಪರದೆಯ ಮೇಲೆ ಬರುವ ಪಾಸು, ಫೇಲು ಅನ್ನುವ ತೀರ್ಪಿಗಿಂತ ಮೈಕ್ರಾನ್ ಸಂಖ್ಯೆಯನ್ನೇ ನಾನು ನೋಡುವುದು.

ಒಳಗೆ ಸಿಕ್ಕಿದ್ದು

ಬ್ಯಾಕ್ ಕವರು ತೆಗೆದು, ಸ್ಟೆಮ್ (ಕ್ರೌನಿನಿಂದ ಒಳಕ್ಕೆ ಹೋಗುವ ಕಡ್ಡಿ) ಬಿಡಿಸಿ, ಮೂವ್‌ಮೆಂಟನ್ನು ಡಯಲ್ ಸಮೇತ ಹೊರತೆಗೆದು ಮುಚ್ಚಿದ ಡಬ್ಬಿಯಲ್ಲಿಟ್ಟೆ. ಇನ್ನು ಖಾಲಿ ಕೇಸಿನ ಕೆಲಸ.

ಗ್ಯಾಸ್ಕೆಟ್ ನೋಡುವಾಗ ಮೊದಲು ಅದರ ಆಕಾರ ನೋಡಬೇಕು. ಹೊಸ ಓ-ರಿಂಗಿನ ಅಡ್ಡಕೊಯ್ತ ದುಂಡಗಿರುತ್ತದೆ. ಇದರದು ಒಂದು ಬದಿ ಚಪ್ಪಟೆಯಾಗಿತ್ತು. ಚಿಮುಟದಲ್ಲಿ ಹಿಡಿದು ಬಾಗಿಸಿದರೆ ಹೊರಮೈಯಲ್ಲಿ ಸಣ್ಣ ಬಿರುಕುಗಳು ತೆರೆದುಕೊಂಡವು. ಉಗುರಿನಿಂದ ಒತ್ತಿದ ಗುರುತು ಹೊಸ ರಬ್ಬರಿನಲ್ಲಿ ತಕ್ಷಣ ಮಾಯವಾಗುತ್ತದೆ, ಇದರಲ್ಲಿ ಉಳಿಯಿತು. 0.8 ಮಿ.ಮೀ. ದಪ್ಪದ್ದಾಗಿರಬೇಕಾದ ರಿಂಗು 0.66ಕ್ಕೆ ಇಳಿದಿತ್ತು. ಕೇಸಿನ ಗಾಡಿಯ ಆಳ 0.62 ಮಿ.ಮೀ. ಹೊಸದರಲ್ಲಿ 0.18 ಮಿ.ಮೀ.ನಷ್ಟು, ಎಂದರೆ ಶೇಕಡಾ 22ರಷ್ಟು ಅಮುಕಿಸಿಕೊಳ್ಳುತ್ತಿದ್ದ ರಿಂಗು ಈಗ ಕವರಿಗೆ ತಾಗುತ್ತಿರುವುದು 0.04 ಮಿ.ಮೀ. ಮಾತ್ರ. ಸ್ಥಿರವಾದ ಸೀಲಿಗೆ ಶೇಕಡಾ 15ರಿಂದ 30ರವರೆಗೆ ಅಮುಕು ಬೇಕು. ವ್ಯಾಕ್ಯೂಮ್‌ನಲ್ಲಿ ಯಾಕೆ ಸೋರಿತೆಂದು ಬೇರೆ ಹುಡುಕಬೇಕಾಗಿಲ್ಲ.

ಹಳೆಯ ರಿಂಗಿನ ಅಳತೆ ಹಿಡಿದು ಹೊಸದನ್ನು ತರುವುದು ದೊಡ್ಡ ತಪ್ಪು. ಹಳೆಯದು ಹಿಗ್ಗಿರುತ್ತದೆ, ಚಪ್ಪಟೆಯಾಗಿರುತ್ತದೆ, ಕೆಲವು ಸಲ ಎಣ್ಣೆ ಕುಡಿದು ಊದಿರುತ್ತದೆ. ಅಳೆಯಬೇಕಾದ್ದು ಗಾಡಿಯನ್ನು: ಒಳಗೋಡೆಯ ವ್ಯಾಸ, ಅಗಲ, ಆಳ. ಇಲ್ಲಿ ಒಳಗೋಡೆ 32 ಮಿ.ಮೀ., ಅಗಲ 1 ಮಿ.ಮೀ. ಹಾಗಾಗಿ ಒಳವ್ಯಾಸ 31.5, ದಪ್ಪ 0.8 ಇರುವ ರಿಂಗು ಆರಿಸಿದೆ. ಅರ್ಧ ಮಿಲಿಮೀಟರ್ ಚಿಕ್ಕದಿದ್ದರೆ ಒಳಗೋಡೆಯನ್ನು ಹಿತವಾಗಿ ಅಪ್ಪಿಕೊಂಡು ಕೂರುತ್ತದೆ. ದೊಡ್ಡದಾದರೆ ಎಲ್ಲೋ ಒಂದು ಕಡೆ ಅಲೆಯಂತೆ ಎದ್ದು, ಕವರು ತಿರುಗುವಾಗ ಎಳೆಯ ನಡುವೆ ಸಿಕ್ಕಿ ಕತ್ತರಿಸಿಹೋಗುತ್ತದೆ. ತೀರಾ ಚಿಕ್ಕದನ್ನು ಎಳೆದು ಕೂರಿಸಿದರೆ ದಪ್ಪ ಕಡಿಮೆಯಾಗಿ ಅಮುಕು ಸಾಲುವುದಿಲ್ಲ.

"ಇನ್ನೂ ಗಟ್ಟಿಯಾಗಲಿ" ಎಂದು 0.9 ಮಿ.ಮೀ. ರಿಂಗು ಹಾಕುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ರಬ್ಬರು ಬಾಗುತ್ತದೆ, ಚಪ್ಪಟೆಯಾಗುತ್ತದೆ, ಆದರೆ ಅದರ ಗಾತ್ರ ಕುಗ್ಗುವುದಿಲ್ಲ. ಗಾಡಿಯ ಅಡ್ಡಕೊಯ್ತ 0.62 ಚದರ ಮಿ.ಮೀ. 0.8 ರಿಂಗಿನದು ಸುಮಾರು 0.50, ಅಂದರೆ ಗಾಡಿಯ ಶೇಕಡಾ 81 ತುಂಬಿ ಸ್ವಲ್ಪ ಜಾಗ ಉಳಿಯುತ್ತದೆ. 0.9 ರಿಂಗಿನದು 0.636. ಗಾಡಿಯಲ್ಲಿ ಹಿಡಿಸುವುದೇ ಇಲ್ಲ! ಕವರು ಪೂರ್ತಿ ಕೂರುವುದಿಲ್ಲ, ಹೆಚ್ಚಾದ ರಬ್ಬರು ಅಂಚಿನಲ್ಲಿ ಹೊರಬಂದು ಕತ್ತರಿಸುತ್ತದೆ, ಬಲವಂತ ಮಾಡಿದರೆ ಎಳೆ ಹಾಳಾಗುತ್ತದೆ.

ವಸ್ತುವಿನ ವಿಷಯ. ಸಾಮಾನ್ಯವಾಗಿ ಬರುವ ಕಪ್ಪು ರಿಂಗು ನೈಟ್ರೈಲ್ ರಬ್ಬರು. ಎಣ್ಣೆಗೆ ಜಗ್ಗುವುದಿಲ್ಲ, ಓಝೋನ್ ಮತ್ತು ಬಿಸಿಲಿಗೆ ಬಿರಿಯುತ್ತದೆ. ವೈಟನ್ ಎಂಬ ರಬ್ಬರು ದುಬಾರಿ, ಬಾಳಿಕೆ ಹೆಚ್ಚು, ಬಿಸಿ ಮತ್ತು ರಾಸಾಯನಿಕಗಳನ್ನು ತಡೆಯುತ್ತದೆ. ಕ್ರೌನಿನೊಳಗೆ ಹಾಕಲು ನನಗೆ ಇಷ್ಟ. ಸಿಲಿಕೋನ್ ರಬ್ಬರು ಮೆತ್ತಗಿರುವುದರಿಂದ ಸಲೀಸಾಗಿ ಕೂರುತ್ತದೆ, ಬೇಗ ಹರಿಯುತ್ತದೆ; ಅದಕ್ಕೆ ಸಿಲಿಕೋನ್ ಗ್ರೀಸು ಹಚ್ಚಬಾರದು, ಊದಿಕೊಳ್ಳುತ್ತದೆ. ನೈಟ್ರೈಲಿಗೂ ವೈಟನ್‌ಗೂ ಸಿಲಿಕೋನ್ ಗ್ರೀಸು ಸರಿ. ವ್ಯಾಸಲೀನಿನಂಥ ಪೆಟ್ರೋಲಿಯಂ ಜಿಡ್ಡು ಯಾವುದಕ್ಕೂ ಬೇಡ.

ತೊಳೆದು ನೋಡಿದಾಗಲೇ ಲೋಹ ಕಾಣುವುದು

ಖಾಲಿ ಕೇಸು, ಕವರು, ಕ್ರೌನನ್ನು ಸಾಬೂನು ನೀರಿನ ಅಲ್ಟ್ರಾಸಾನಿಕ್ ಯಂತ್ರದಲ್ಲಿ ತೊಳೆದು, ಶುದ್ಧ ನೀರಿನಲ್ಲಿ ಜಾಲಿಸಿ, ಬಿಸಿಗಾಳಿಯಲ್ಲಿ ಒಣಗಿಸಿದೆ. ಗಾಡಿಯ ಮೂಲೆಯ ಕಪ್ಪು ಜಿಗುಟು, ಅಂದರೆ ಹಳೆಯ ಗ್ರೀಸು ಬೆವರು ಸತ್ತ ಚರ್ಮ ಎಲ್ಲ ಸೇರಿದ್ದು, ತೊಳೆತಕ್ಕೆ ಹೋಗುವುದಿಲ್ಲ. ಮರದ ಕಡ್ಡಿಯನ್ನು ಉಳಿಯಂತೆ ಚೂಪು ಮಾಡಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಕೆರೆಯಬೇಕು. ಸೂಜಿ, ಬ್ಲೇಡು ಬೇಡ. ಸೀಲು ಕೂರುವ ಮೈಯನ್ನು ಅಡ್ಡಕ್ಕೆ ಗೀರಿದರೆ ನೀರಿಗೆ ಕಾಲುವೆ ತೋಡಿಕೊಟ್ಟಂತೆ.

ಆಮೇಲೆ 10 ಪಟ್ಟು ಲೂಪಿನಲ್ಲಿ (ಕಣ್ಣಿಗಿಡುವ ಭೂತಗನ್ನಡಿಯಲ್ಲಿ) ಗಾಡಿಯ ಸುತ್ತ ಒಂದು ಸುತ್ತು. ಹುಡುಕುವುದು ತುಕ್ಕಿನ ಗುಳಿಗಳನ್ನು. ಉಕ್ಕು ಸ್ಟೇನ್‌ಲೆಸ್ ಆದರೂ ಗ್ಯಾಸ್ಕೆಟಿನ ಅಡಿಯ ಬಿರುಕಿನಲ್ಲಿ ಬೆವರಿನ ಉಪ್ಪು ನಿಂತು, ಆಮ್ಲಜನಕ ಸಿಗದೆ, ಲೋಹ ಅಲ್ಲೇ ಸವೆಯುತ್ತದೆ. ಗುಳಿ ಎಲ್ಲಿದೆ ಎಂಬುದೇ ಮುಖ್ಯ. ರಿಂಗು ತಾಗುವ ದಾರಿಯ ಒಂದು ಬದಿಯಲ್ಲಷ್ಟೇ ಇದ್ದರೆ ತೊಂದರೆಯಿಲ್ಲ. ಆ ದಾರಿಯನ್ನು ಅಡ್ಡಹಾಯ್ದು ಎರಡೂ ಬದಿಗೆ ಚಾಚಿದ್ದರೆ ಎಷ್ಟು ಹೊಸ ರಿಂಗು ಹಾಕಿದರೂ ಸೋರುತ್ತದೆ. ಅದಕ್ಕೆ ಪರಿಹಾರ ಲೇಸರ್ ವೆಲ್ಡಿಂಗ್‌ನಿಂದ ಗುಳಿ ತುಂಬಿ ಮತ್ತೆ ಸಮ ಕೊರೆಯುವುದು. ಎಪಾಕ್ಸಿ ತುಂಬುವುದು ತಾತ್ಕಾಲಿಕ, ಗ್ರೀಸು ತುಂಬುವುದು ಆತ್ಮವಂಚನೆ. ಈ ಕೇಸಿನಲ್ಲಿ ಎರಡು ಸಣ್ಣ ಗುಳಿ ಇದ್ದವು, ಎರಡೂ ರಿಂಗಿನ ದಾರಿಯ ಹೊರಗೆ.

ಗ್ರೀಸಿನ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಗ್ರೀಸು ನೀರು ತಡೆಯುವುದಿಲ್ಲ, ರಬ್ಬರು ತಡೆಯುತ್ತದೆ. ಕವರು ತಿರುಗುವಾಗ ರಿಂಗು ಅದಕ್ಕೆ ಅಂಟಿ ಎಳೆದಾಡದೆ ಜಾರಲಿ, ಬೇಗ ಒಣಗದಿರಲಿ ಎಂದಷ್ಟೇ ಗ್ರೀಸು. ಸಿಲಿಕೋನ್ ನೆನೆದ ಎರಡು ಸ್ಪಾಂಜಿನ ಡಬ್ಬಿಯಲ್ಲಿ ರಿಂಗನ್ನಿಟ್ಟು, ಮುಚ್ಚಳ ಒತ್ತಿ, ಸ್ವಲ್ಪ ತಿರುಗಿಸಿ ತೆಗೆದರೆ ಸಾಕು. ರಿಂಗು ಹೊಳೆಯಬೇಕು; ಗ್ರೀಸಿನ ಗುಡ್ಡೆ ಕಾಣಬಾರದು. ಹೆಚ್ಚಾದದ್ದು ಒಳಕ್ಕೆ ಹರಿದು ಮೂವ್‌ಮೆಂಟಿಗೆ ತಲುಪುತ್ತದೆ, ಹೊರಗೆ ಧೂಳು ಹಿಡಿಯುತ್ತದೆ.

ಗ್ಲಾಸು

ಈ ವಾಚಿನ ಸಫೈರ್ ನೈಲಾನ್ ಬಳೆಯ ಬಿಗಿತದಲ್ಲಿ ಕೂತದ್ದು. ಬಳೆ ಹಳದಿಗಟ್ಟಿತ್ತು, ಒಂದೆಡೆ ಗ್ಲಾಸಿನ ಮಟ್ಟಕ್ಕಿಂತ ಮೇಲೆದ್ದಿತ್ತು. ಒಮ್ಮೆ ಒತ್ತಿ ಕೂತ ನೈಲಾನ್ ಮತ್ತೆ ಮೊದಲಿನ ದಪ್ಪಕ್ಕೆ ಬರುವುದಿಲ್ಲ. ಗ್ಲಾಸು ಹೊರತೆಗೆದ ಮೇಲೆ ಬಳೆ ಹೊಸದೇ ಆಗಬೇಕು, ಹಳೆಯದು ನೋಡಲು ಎಷ್ಟೇ ಚೆನ್ನಾಗಿದ್ದರೂ.

ಅಳತೆ ಇಲ್ಲಿ ಇನ್ನೂ ಸೂಕ್ಷ್ಮ. ಗ್ಲಾಸಿನ ವ್ಯಾಸಕ್ಕೆ ಬಳೆಯ ದಪ್ಪದ ಎರಡರಷ್ಟು ಕೂಡಿದರೆ ಬರುವ ಮೊತ್ತ ಕೇಸಿನ ಕುಳಿಗಿಂತ ಮಿಲಿಮೀಟರಿನ ಕೆಲವು ನೂರನೆಯ ಭಾಗದಷ್ಟು ಮಾತ್ರ ಹೆಚ್ಚಿರಬೇಕು. ಬೆರಳಿನಿಂದ ಒತ್ತಿದರೆ ಗ್ಲಾಸು ಕೂತುಬಿಟ್ಟಿತೆಂದರೆ ಸಡಿಲ. ಪ್ರೆಸ್ಸಿನಲ್ಲಿ ಹಿಡಿಕೆ ಕಷ್ಟಪಟ್ಟು ಇಳಿಯುತ್ತಿದ್ದರೆ ಬಿಗಿ. ಅಲ್ಲೇ ನಿಲ್ಲಿಸಬೇಕು, ಸಫೈರ್ ಬಾಗುವ ಜಾತಿಯಲ್ಲ, ಅಂಚು ಚಕ್ಕೆ ಏಳುತ್ತದೆ. ಮೇಲಿನ ಅಚ್ಚು ಗ್ಲಾಸಿನ ಅಂಚಿನ ಬಳಿ ಒತ್ತಬೇಕು, ಕೆಳಗಿನದು ಕೇಸಿನ ಗಟ್ಟಿ ಭಾಗವನ್ನು ಹೊರಬೇಕು, ಎರಡೂ ಸಮಾಂತರ ಇರಬೇಕು. ಓರೆಯಾಗಿ ಇಳಿದರೆ ಗ್ಲಾಸಿನ ಅಂಚು ನೈಲಾನನ್ನು ಸಿಪ್ಪೆ ಸುಲಿದಂತೆ ಹೆರೆಯುತ್ತದೆ. ಒತ್ತಿದ ಮೇಲೆ ಬಳೆಯ ಅಂಚಿನಲ್ಲಿ ಬಿಳಿ ದಾರದಂಥ ಎಳೆ ಕಂಡರೆ ಬಳೆ ಹಾಳಾಯಿತೆಂದೇ ಅರ್ಥ. ತೆಗೆದು ಇನ್ನೊಂದು ಹಾಕುವುದೇ ದಾರಿ.

ಅಕ್ರಿಲಿಕ್ ಗ್ಲಾಸಿನ ಹಳೆಯ ವಾಚುಗಳಲ್ಲಿ ಒಳಗಿನ ಲೋಹದ ಬಳೆ ಪ್ಲಾಸ್ಟಿಕ್ಕನ್ನು ಹೊರಕ್ಕೆ ತಳ್ಳಿ ಹಿಡಿದಿರುತ್ತದೆ. ಅಂಚಿನಲ್ಲಿ ಕೂದಲಿನಂಥ ಬಿರುಕು ಇದ್ದರೆ ಅಂಟು ಹಚ್ಚುವ ಗೋಜಿಗೆ ಹೋಗದೆ ಗ್ಲಾಸು ಬದಲಿಸಿ.

ಕ್ರೌನು, ಟ್ಯೂಬು

ನೀರು ಒಳಹೋಗುವ ಮೊದಲ ಬಾಗಿಲು ಇದೇ, ಏಕೆಂದರೆ ಚಲಿಸುವ ಸೀಲು ಇದೊಂದೇ. ಸ್ಕ್ರೂ ಕ್ರೌನಿನಲ್ಲಿ ಒಳಗೊಂದು ಓ-ರಿಂಗು ಟ್ಯೂಬಿನ (ಸ್ಟೆಮ್ ಹಾಯಲು ಕೇಸಿಗೆ ಕೂರಿಸಿದ ಕೊಳವೆಯ) ಸುತ್ತ ಉಜ್ಜಿಕೊಂಡಿರುತ್ತದೆ, ಬಿಗಿದಾಗ ಟ್ಯೂಬಿನ ತುದಿಗೆ ಒತ್ತುವ ಚಪ್ಪಟೆ ಸೀಲೂ ಕೆಲವದರಲ್ಲಿ ಇರುತ್ತದೆ. ಬಹಳಷ್ಟು ಕ್ರೌನುಗಳಲ್ಲಿ ಒಳಗಿನ ರಿಂಗನ್ನು ಲೋಹದ ವಾಶರು ಮುಚ್ಚಿರುವುದರಿಂದ ರಿಂಗು ಮಾತ್ರ ಬದಲಿಸಲು ಬರುವುದಿಲ್ಲ. ಇಡೀ ಕ್ರೌನನ್ನೇ ಬದಲಿಸಬೇಕು. ಇಲ್ಲೂ ಹಾಗೆಯೇ ಮಾಡಿದೆ.

ಹೊಸ ಕ್ರೌನಿಗೆ ಸ್ಟೆಮ್ ಕತ್ತರಿಸುವಾಗ ಉದ್ದ ಸರಿಯಾಗಿರಬೇಕು. ಉದ್ದ ಹೆಚ್ಚಾದರೆ ಕ್ರೌನು ಬಿಗಿದಂತೆ ಕಂಡರೂ ಟ್ಯೂಬಿಗೆ ಪೂರ್ತಿ ಕೂತಿರುವುದಿಲ್ಲ, ಸ್ಟೆಮ್ ಹೋಗಿ ಮೂವ್‌ಮೆಂಟನ್ನು ತಳ್ಳುತ್ತಿರುತ್ತದೆ. ಕಡಿಮೆಯಾದರೆ ಕ್ರೌನು ಬಿಚ್ಚಿದಾಗ ಚಾವಿ ಸರಿಯಾಗಿ ಹಿಡಿಯುವುದಿಲ್ಲ. ಮೊದಲು ಉದ್ದ ಬಿಟ್ಟು, ಒಂದು ಮಿಲಿಮೀಟರಿನ ಹತ್ತನೆಯ ಭಾಗದಷ್ಟು ಅರದಿಂದ ಉಜ್ಜಿ, ಹಾಕಿ ನೋಡಿ, ಮತ್ತೆ ಉಜ್ಜುವುದೇ ಕ್ರಮ.

ಖಾಲಿ ಕೇಸು ನೀರಿಗೆ

ಮೂವ್‌ಮೆಂಟ್ ಹಾಕುವ ಮೊದಲು ಖಾಲಿ ಕೇಸನ್ನು ಪೂರ್ತಿ ಜೋಡಿಸಿ ನೀರಿನಲ್ಲಿ ಪರೀಕ್ಷಿಸುವುದಕ್ಕೆ ಸಮಯ ಹಿಡಿಯುತ್ತದೆ, ಆದರೆ ಸೋರುವುದು ಎಲ್ಲಿಂದ ಎಂದು ಡ್ರೈ ಟೆಸ್ಟರು ಹೇಳುವುದಿಲ್ಲ, ಗುಳ್ಳೆ ಹೇಳುತ್ತದೆ. ಕೇಸಿನೊಳಗೆ ಡಯಲ್ ಗಾತ್ರದ ಟಿಶ್ಯೂ ಪೇಪರು ಕತ್ತರಿಸಿ, ಸ್ಕೆಚ್ ಪೆನ್ನಿನಿಂದ ಅಂಚಿನ ಸುತ್ತ ಚುಕ್ಕೆಗಳನ್ನಿಟ್ಟು ಹಾಕುತ್ತೇನೆ. ಹನಿ ನೀರು ಹೊಕ್ಕರೂ ಹತ್ತಿರದ ಚುಕ್ಕೆ ಹರಡುತ್ತದೆ.

ಸಾಧನ ಸರಳ: ದಪ್ಪ ಅಕ್ರಿಲಿಕ್ ಕೊಳವೆ, ಅರ್ಧ ನೀರು, ಮೇಲೆ ಗಾಳಿ, ಕೈಪಂಪು, ಒತ್ತಡದ ಮೀಟರು, ವಾಚನ್ನು ಏರಿಸಿ ಇಳಿಸುವ ಸರಳು. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿದರೆ ಸುಳ್ಳು ಗುಳ್ಳೆಗಳು ಮೈಗೆ ಅಂಟುವುದು ಕಡಿಮೆ. ಕೊಳವೆಯನ್ನು ಆಲ್ಕೋಹಾಲಿನಿಂದ ಒರೆಸಬೇಡಿ. ಅಕ್ರಿಲಿಕ್‌ನಲ್ಲಿ ಸಣ್ಣ ಬಿರುಕೆದ್ದು ಒತ್ತಡದಲ್ಲಿ ಒಡೆಯುವ ಅಪಾಯವಿದೆ.

ಕ್ರಮ ತಪ್ಪಿದರೆ ಪರೀಕ್ಷೆಯೇ ವಾಚನ್ನು ಮುಳುಗಿಸುತ್ತದೆ. ವಾಚು ಗಾಳಿಯಲ್ಲಿ ತೂಗುತ್ತಿರುವಾಗಲೇ 3 ಬಾರ್‌ವರೆಗೆ ಪಂಪು ಹೊಡೆಯಬೇಕು. ಐದು ನಿಮಿಷ ಬಿಡಬೇಕು. ತೂತಿದ್ದರೆ ಅದರ ಮೂಲಕ ಒತ್ತಡದ ಗಾಳಿ ಒಳಗೆ ತುಂಬಿಕೊಳ್ಳಲಿ. ತೀರಾ ಸಣ್ಣ ಸೋರಿಕೆಯ ಅನುಮಾನವಿದ್ದರೆ ಹತ್ತು ನಿಮಿಷ. ನಂತರ ವಾಚನ್ನು ನೀರಿಗೆ ಇಳಿಸಿ, ಮೈಗೆ ಅಂಟಿದ ಗುಳ್ಳೆಗಳನ್ನು ಅಲುಗಿಸಿ ಬಿಡಿಸಿ, ವಾಲ್ವನ್ನು ನಿಧಾನವಾಗಿ ತೆರೆದು ಒತ್ತಡ ಇಳಿಸಬೇಕು. ಒಳಗೆ ಎರಡು ಘನ ಸೆಂ.ಮೀ. ಖಾಲಿ ಜಾಗವಿದ್ದು ಅದು 3 ಬಾರ್‌ವರೆಗೆ ತುಂಬಿದ್ದರೆ, ಹೊರಬರಲು ಕಾದಿರುವ ಗಾಳಿ ಆರು ಘನ ಸೆಂ.ಮೀ. ಅದೇ ಗುಳ್ಳೆಯಾಗಿ ಕಾಣುವುದು. ಗಾಳಿ ಹೊರಬರುತ್ತಿರುವಷ್ಟು ಹೊತ್ತು ನೀರು ಒಳಹೋಗಲಾರದು. ಗುಳ್ಳೆಯ ಸಾಲು ಕಂಡ ಕೂಡಲೇ, ಮೀಟರು ಸೊನ್ನೆಗೆ ಬರುವ ಮೊದಲೇ, ಸರಳನ್ನು ಮೇಲಕ್ಕೆಳೆದು ವಾಚನ್ನು ಗಾಳಿಗೆ ತರಬೇಕು. ನೀರಿನೊಳಗೆ ಇಳಿಸಿದ ಮೇಲೆ ಪಂಪು ಹೊಡೆದರೆ ನೀರನ್ನೇ ಒಳಕ್ಕೆ ತಳ್ಳಿದಂತೆ. ವಾಲ್ವನ್ನು ಒಮ್ಮೆಲೇ ಬಿಟ್ಟರೆ ಒಳಗೆ ಸಿಕ್ಕಿಬಿದ್ದ ಗಾಳಿ ಗ್ಲಾಸನ್ನೋ ಒತ್ತಿ ಕೂರಿಸಿದ ಬ್ಯಾಕ್ ಕವರನ್ನೋ ಹಾರಿಸಿಬಿಡಬಲ್ಲದು.

ಎಲ್ಲ ಗುಳ್ಳೆಯೂ ಸೋರಿಕೆಯಲ್ಲ. ಗ್ಲಾಸಿನ ಸುತ್ತ ತಿರುಗುವ ಬಳೆಯ (ಬೆಝಲ್) ಅಡಿ, ಪಟ್ಟಿಯ ಪಿನ್ನಿನ ತೂತು, ಕ್ರೌನಿನ ಹಲ್ಲುಗಳ ಸಂದಿ, ಇಲ್ಲೆಲ್ಲ ಗಾಳಿ ಅಡಗಿರುತ್ತದೆ. ಒತ್ತಡ ಇಳಿದಾಗ ಹಿಗ್ಗಿ ಒಂದೆರಡು ಗುಳ್ಳೆ ಬಿಟ್ಟು ಸುಮ್ಮನಾಗುತ್ತದೆ. ನಿಜವಾದ ಸೋರಿಕೆ ಒಂದೇ ಜಾಗದಿಂದ, ಒಂದೇ ಗಾತ್ರದ ಗುಳ್ಳೆಗಳ ಎಡೆಬಿಡದ ಸಾಲು.

ಈ ಕೇಸಿನಲ್ಲಿ ಬ್ಯಾಕ್ ಕವರಿನಿಂದ ಏನೂ ಬರಲಿಲ್ಲ, ಗ್ಲಾಸಿನ ಅಂಚು ಶಾಂತ. ಕ್ರೌನಿನ ಬುಡದಿಂದ ಸಾಸಿವೆಗಿಂತ ಚಿಕ್ಕ ಗುಳ್ಳೆಗಳ ಸಾಲು ಎದ್ದಿತು. ಕ್ರೌನು ಹೊಸದು, ರಿಂಗು ಹೊಸದು. ಹಾಗಾದರೆ ಉಳಿಯುವುದು ಟ್ಯೂಬು ಕೇಸಿಗೆ ಕೂತ ಜಾಗ. ತಿಳಿಯಲು ಸುಲಭ ಉಪಾಯ: ಲೂಪಿನಲ್ಲಿ ಗುಳ್ಳೆ ಹುಟ್ಟುವ ಬಿಂದು ನೋಡುತ್ತಾ ಕ್ರೌನನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಪರೀಕ್ಷಿಸುವುದು. ಬಿಂದುವೂ ಜೊತೆಗೆ ತಿರುಗಿದರೆ ಕ್ರೌನಿನ ದೋಷ, ಇದ್ದಲ್ಲೇ ಇದ್ದರೆ ಟ್ಯೂಬಿನದು. ಇಲ್ಲಿ ಇದ್ದಲ್ಲೇ ಇತ್ತು. ಇದನ್ನು ಮೊದಲ ಡ್ರೈ ಟೆಸ್ಟಿನಲ್ಲಿ ಬ್ಯಾಕ್ ಕವರಿನ ದೊಡ್ಡ ಸೋರಿಕೆ ಮರೆಮಾಡಿತ್ತು. ಒಂದು ದೋಷ ಸಿಕ್ಕಿತೆಂದು ಹುಡುಕುವುದನ್ನು ನಿಲ್ಲಿಸಿದ್ದರೆ ವಾಚು ವಾಪಸ್ ಬರುತ್ತಿತ್ತು.

ಒತ್ತಿ ಕೂರಿಸಿದ ಟ್ಯೂಬನ್ನು ತೆಗೆಯಲು ಒಳಗಿನಿಂದ ಕಚ್ಚಿಕೊಳ್ಳುವ ಮೊನಚಾದ ಚೌಕ ಬ್ರೋಚು ಬೇಕು. ಇಕ್ಕಳದಲ್ಲಿ ಹಿಡಿದು ತಿರುಚಿದರೆ ಕೇಸಿನ ತೂತು ದೊಡ್ಡದಾಗುತ್ತದೆ. ಹೊಸ ಟ್ಯೂಬು, ಕೇಸಿನ ತೂತು ಎರಡನ್ನೂ ಅಸಿಟೋನಿನಿಂದ ಜಿಡ್ಡು ತೆಗೆದು, ಟ್ಯೂಬಿನ ಹೊರಮೈಗೆ ಲೋಕ್‌ಟೈಟ್ 638 ಅಂಟನ್ನು ಸೂಜಿ ಮೊನೆಯಷ್ಟು ಹಚ್ಚಿ, ಒಳಗೆ ಉಕ್ಕಿನ ಸರಳು ತೂರಿಸಿಟ್ಟು ನೇರವಾಗಿ ಒತ್ತಿದೆ. ಸರಳಿನಿಂದ ಟ್ಯೂಬು ಜಜ್ಜುವುದೂ ತಪ್ಪುತ್ತದೆ, ಅಂಟು ಒಳಕ್ಕೆ ಇಳಿಯುವುದೂ ತಪ್ಪುತ್ತದೆ. 24 ಗಂಟೆ ಮುಟ್ಟಬಾರದು. ಫೆವಿಕ್ವಿಕ್ ಥರದ ಅಂಟುಗಳನ್ನು ವಾಚಿನ ಹತ್ತಿರವೂ ತರಬಾರದು. ಅವುಗಳ ಆವಿ ಗ್ಲಾಸಿನ ಒಳಮೈ ಮತ್ತು ಡಯಲಿನ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ.

ಮರುದಿನ ಅದೇ ಪರೀಕ್ಷೆ, ಗುಳ್ಳೆ ಇಲ್ಲ, ಚುಕ್ಕೆಗಳೂ ಹಾಗೆಯೇ. ಕ್ರೌನು ಬಿಚ್ಚಿಟ್ಟು, ಒಳಕ್ಕೆ ಒತ್ತಿದ ಸ್ಥಿತಿಯಲ್ಲಿ ಇನ್ನೊಮ್ಮೆ 1 ಬಾರ್‌ಗೆ ಪರೀಕ್ಷಿಸಿದೆ. ಜನ ಕ್ರೌನು ಬಿಗಿಯಲು ಮರೆಯುವುದು ಸಾಮಾನ್ಯ. ಒಳರಿಂಗು ಒಳ್ಳೆಯದಿದ್ದರೆ ಅಷ್ಟನ್ನು ತಡೆಯುತ್ತದೆ. ಎಲ್ಲ ವಿನ್ಯಾಸದ ಕ್ರೌನಿಗೂ ಇದು ಅನ್ವಯಿಸುವುದಿಲ್ಲ.

ಮುಚ್ಚುವ ಗಾಳಿ

ಸೋರದ ವಾಚಿನಲ್ಲೂ ಮಂಜು ಕಟ್ಟಬಹುದು. 30 ಡಿಗ್ರಿ ಸೆಲ್ಸಿಯಸ್, ಶೇಕಡಾ 80 ಆರ್ದ್ರತೆಯ ಗಾಳಿಯನ್ನು ಒಳಗಿಟ್ಟು ಮುಚ್ಚಿದರೆ ಆ ಗಾಳಿಯ ಇಬ್ಬನಿ ಬಿಂದು ಸುಮಾರು 26 ಡಿಗ್ರಿ. ತಣ್ಣೀರು ತಾಗಿದರೆ ಸಾಕು, ಗ್ಲಾಸು ಮಸುಕು. 22 ಡಿಗ್ರಿ, ಶೇಕಡಾ 50 ಆರ್ದ್ರತೆಯ ಕೋಣೆಯಲ್ಲಿ ಮುಚ್ಚಿದರೆ ಅದು ಸುಮಾರು 11 ಡಿಗ್ರಿಗೆ ಇಳಿಯುತ್ತದೆ. ಹಾಗಾಗಿ ತೆರೆದಿಟ್ಟ ವಾಚನ್ನು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟು, ಏಸಿ ಕೋಣೆಯಲ್ಲೇ ಮುಚ್ಚುತ್ತೇನೆ. ಡಯಲಿನ ಬಣ್ಣ, ಕ್ಯಾಲೆಂಡರ್ ಚಕ್ರದಂಥವೂ ತೇವ ಹಿಡಿದಿರುತ್ತವೆ, ಗಾಳಿ ಮಾತ್ರ ಒಣಗಿದರೆ ಸಾಲದು.

ಬ್ಯಾಕ್ ಕವರು ಬಿಗಿಯುವಾಗ ಮೊದಲು ಕೈಯಿಂದ ಹಿಂದಕ್ಕೆ ತಿರುಗಿಸಿ ಎಳೆ ಕೂತ ಸದ್ದು ಕೇಳಿ, ಆಮೇಲೆ ಮುಂದಕ್ಕೆ. ನಾಲ್ಕು ಸ್ಕ್ರೂಗಳ ಕವರಾದರೆ ಎದುರುಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒತ್ತಿ ಕೂರಿಸುವ ಕವರಿನಲ್ಲಿ ಸ್ಟೆಮ್ಮಿಗೆ ಬಿಟ್ಟ ಕಚ್ಚನ್ನು ಸ್ಟೆಮ್ಮಿನ ಎದುರಿಗೇ ಕೂರಿಸದಿದ್ದರೆ ರಿಂಗು ಅಲ್ಲೇ ಹಿಸುಕಿ ಹರಿಯುತ್ತದೆ.

ಕೊನೆಯ ಪರೀಕ್ಷೆಗಳು

ಮೂವ್‌ಮೆಂಟ್ ಸಮೇತ ಜೋಡಿಸಿದ ವಾಚಿಗೆ ಮತ್ತೆ ಒಣ ಪರೀಕ್ಷೆ: −0.7, +0.3, +10 ಬಾರ್, ಇದೇ ಕ್ರಮದಲ್ಲಿ. ಮೂರರಲ್ಲೂ ನಿಂತಿತು. ಸೋರಿಕೆಗೆ ಮಿತಿ ಎಷ್ಟು ಎಂದರೆ, ಸಾಮಾನ್ಯ ವಾಚುಗಳ ಐಎಸ್‌ಒ 22810ರಲ್ಲಿ 2 ಬಾರ್ ಹೆಚ್ಚುವರಿ ಒತ್ತಡದಲ್ಲಿ ನಿಮಿಷಕ್ಕೆ 50 ಮೈಕ್ರೋಗ್ರಾಂ ಗಾಳಿ. ಅದು ಸುಮಾರು 0.04 ಘನ ಸೆಂ.ಮೀ. ಗಾಳಿ ನುಸುಳುವ ಸಂದಿಯಲ್ಲೆಲ್ಲ ನೀರು ನುಸುಳುವುದಿಲ್ಲ, ಹಾಗಾಗಿ ಗಾಳಿಯ ಪರೀಕ್ಷೆ ಹೆಚ್ಚು ಕಟ್ಟುನಿಟ್ಟಿನದು.

ಇಲ್ಲಿ ಪಾಸಾದ ಮೇಲೆಯೇ ನೀರು. ಐಎಸ್‌ಒ 22810ರ ಪ್ರಕಾರ ನಮೂದಿಸಿದ ಒತ್ತಡವನ್ನು ಒಂದು ನಿಮಿಷದೊಳಗೆ ಏರಿಸಿ ಹತ್ತು ನಿಮಿಷ ಇಡಬೇಕು. ಇದಕ್ಕೆ ಅಕ್ರಿಲಿಕ್ ಕೊಳವೆಯಲ್ಲ, ಲೋಹದ ಪಾತ್ರೆಯ ಹೈಡ್ರಾಲಿಕ್ ಸಾಧನ. ಉಷ್ಣದ ಆಘಾತದ ಪರೀಕ್ಷೆಗೆ ಸಾಧನವೇ ಬೇಡ: 10 ಸೆಂ.ಮೀ. ಆಳದಲ್ಲಿ 40 ಡಿಗ್ರಿ ನೀರಿನಲ್ಲಿ ಐದು ನಿಮಿಷ, 20 ಡಿಗ್ರಿಯಲ್ಲಿ ಐದು, ಮತ್ತೆ 40ರಲ್ಲಿ ಐದು, ಬದಲಾಯಿಸಲು ಒಂದು ನಿಮಿಷ ಮೀರಬಾರದು. ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರುತ್ತದೆ. ಬಿಸಿನೀರಿನ ಸ್ನಾನದ ನಂತರ ತಣ್ಣೀರು ಬಿದ್ದ ವಾಚುಗಳು ಹಾಳಾಗುವುದು ಹೀಗೆಯೇ.

ಎಲ್ಲದರ ನಂತರ ಮಂಜಿನ ಪರೀಕ್ಷೆ. ವಾಚನ್ನು 40ರಿಂದ 45 ಡಿಗ್ರಿ ಬಿಸಿಯ ತಟ್ಟೆಯ ಮೇಲೆ ಹತ್ತರಿಂದ ಇಪ್ಪತ್ತು ನಿಮಿಷ ಇಟ್ಟು, ಗ್ಲಾಸಿನ ಮೇಲೆ 18ರಿಂದ 25 ಡಿಗ್ರಿಯ ಒಂದು ಹನಿ ನೀರು ಬಿಟ್ಟು, ಸುಮಾರು ಒಂದು ನಿಮಿಷದ ಬಳಿಕ ಒಣಬಟ್ಟೆಯಿಂದ ಒರೆಸಿ ನೋಡಬೇಕು. ಹನಿ ಇದ್ದ ಜಾಗದಲ್ಲಿ ಒಳಗೆ ಮಸುಕು ಕಂಡರೆ ಒಳಗೆ ತೇವ ಇದೆ. ನೀರಿನ ಪರೀಕ್ಷೆಗೆ ಮೊದಲು ಒಮ್ಮೆ, ನಂತರ ಒಮ್ಮೆ ಮಾಡಿದರೆ ಆ ತೇವ ಮುಚ್ಚುವಾಗಲೇ ಇದ್ದದ್ದೋ ಪರೀಕ್ಷೆಯಲ್ಲಿ ಹೊಕ್ಕದ್ದೋ ಎಂದು ಬೇರ್ಪಡಿಸಬಹುದು. ಎರಡೂ ಸಲ ಗ್ಲಾಸು ತಿಳಿಯಾಗಿತ್ತು.

ವಾಚು ವಾಪಸ್ ಕೊಡುವಾಗ ಬರುವ ಪ್ರಶ್ನೆ: ಕೈ ಬೀಸಿ ಈಜಿದರೆ ಒತ್ತಡ ಹತ್ತಾರು ಪಟ್ಟು ಏರುತ್ತದಂತೆ, ಹೌದಾ? ಇಲ್ಲ. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಕೈ ನೀರನ್ನು ಸೀಳಿದರೂ ಹೆಚ್ಚುವ ಒತ್ತಡ 0.045 ಬಾರ್, ಅರ್ಧ ಮೀಟರ್ ಆಳಕ್ಕೂ ಕಡಿಮೆ. 30 ಮೀಟರ್ ಎಂದು ಬರೆದ ವಾಚಿನಲ್ಲಿ ಈಜಬೇಡಿ ಎನ್ನುವುದಕ್ಕೆ ಕಾರಣ ಬೇರೆ. ಆ ಸಂಖ್ಯೆ ಹೊಸ ಗ್ಯಾಸ್ಕೆಟಿನದು, ಅಲುಗದ ನೀರಿನದು, ಮತ್ತು ಐಎಸ್‌ಒ 22810ರಲ್ಲಿ ಪ್ರತಿಯೊಂದು ವಾಚನ್ನೂ ಪರೀಕ್ಷಿಸಬೇಕೆಂದಿಲ್ಲ, ಮಾದರಿ ಪರೀಕ್ಷೆ ಸಾಕು. ಡೈವಿಂಗ್ ಮಾನದಂಡದಲ್ಲಿ ಪ್ರತಿ ವಾಚೂ ಪರೀಕ್ಷೆಗೆ ಒಳಪಡಬೇಕು. ಸಾಬೂನು, ಶಾಂಪೂ, ಸನ್‌ಸ್ಕ್ರೀನು ರಬ್ಬರಿನ ಆಯುಷ್ಯ ಕಡಿಮೆ ಮಾಡುತ್ತವೆ. ಸಮುದ್ರದ ನೀರು ಒಣಗಿ ಉಳಿದ ಉಪ್ಪಿನ ಹರಳು ಕ್ರೌನು ತಿರುಗಿಸಿದಾಗಲೆಲ್ಲ ರಿಂಗನ್ನು ಉಜ್ಜುತ್ತದೆ. ಕ್ರೌನು ಬಿಗಿದೇ ಇಟ್ಟು ಸಿಹಿನೀರಿನಲ್ಲಿ ತೊಳೆದರೆ ಹೋಗುತ್ತದೆ. ಬ್ಯಾಟರಿ ಬದಲಿಸಲು ಕವರು ತೆಗೆದರೂ ಸರಿ, ಕಡಿಮೆ ಒತ್ತಡದ ಪರೀಕ್ಷೆ ಆಗಲೇಬೇಕು.

ಚೀಟಿಯಲ್ಲಿ ಮೂರೂ ಒತ್ತಡದ ಸಂಖ್ಯೆ, ಗ್ಲಾಸು ಅಲುಗಿದ ಮೈಕ್ರಾನ್, ಹಾಕಿದ ರಿಂಗುಗಳ ಅಳತೆ, ತಾರೀಖು ಬರೆಯುತ್ತೇನೆ. ಮುಂದಿನ ಸಲ ಇದೇ ವಾಚು ಬಂದಾಗ ಗ್ಲಾಸಿನ ಅಲುಗಾಟವನ್ನು ಹಳೆಯದರ ಜೊತೆ ಹೋಲಿಸಿದರೆ ರಿಂಗು ಸಡಿಲವಾಗುತ್ತಿರುವುದು ಸೋರುವ ಮೊದಲೇ ತಿಳಿಯುತ್ತದೆ. ಗಿಲೀಟು ಎದ್ದ ಹಿತ್ತಾಳೆ ಕೇಸು, ರಿಂಗಿನ ದಾರಿಗೆ ಅಡ್ಡಲಾಗಿ ಗುಳಿ ಬಿದ್ದ ಕೇಸು, ಕ್ರೌನಿನಲ್ಲಿ ಸೀಲೇ ಇಲ್ಲದ ಹಳೆಯ ವಿನ್ಯಾಸ, ಇವುಗಳಿಗೆ ಧೂಳು ಬೆವರು ತಡೆಯುವಷ್ಟು ಹೊಸ ಗ್ಯಾಸ್ಕೆಟ್ ಹಾಕಿಕೊಟ್ಟು, ಚೀಟಿಯ ಮೇಲೆ "ನೀರಿಗೆ ಅಲ್ಲ" ಎಂದು ಬರೆಯುತ್ತೇನೆ.